ಸ್ತನ ಮರುನಿರ್ಮಾಣದ ನಂತರ ಮನೆಯಲ್ಲಿ: ನಿನ್ನೆಗಿಂತ ಇವತ್ತು ಹೇಗಿದೆ?

ಪ್ರಶ್ನೆ: ನನಗೆ 47 ವರ್ಷ. ಕ್ಯಾನ್ಸರ್ ಇದ್ದದ್ದರಿಂದ ಬಲಗಡೆಯ ಸ್ತನ ತೆಗೆದು, ಅದೇ ಆಪರೇಷನ್‌ನಲ್ಲಿ ಹೊಟ್ಟೆಯ ಚರ್ಮ ಮತ್ತು ಕೊಬ್ಬಿನಿಂದ ಹೊಸ ಸ್ತನ ಮಾಡಿದ್ದಾರೆ. ಕಂಕುಳಿನ ಕೆಲವು ಗಂಟುಗಳನ್ನೂ (ದುಗ್ಧಗ್ರಂಥಿಗಳು) ತೆಗೆದಿದ್ದಾರೆ. ಐದನೇ ದಿನ ಮನೆಗೆ ಕಳಿಸಿದರು. ಇವತ್ತಿಗೆ ಆಪರೇಷನ್ ಆಗಿ ಒಂಬತ್ತು ದಿನ. ಎರಡು ಡ್ರೈನ್ (ಗಾಯದ ನೀರು ಹೊರಗೆ ಬರಲು ಹಾಕಿದ ನಳಿಕೆ) ಇನ್ನೂ ಇವೆ. ನೆಟ್ಟಗೆ ನಿಲ್ಲಲು ಆಗುತ್ತಿಲ್ಲ, ಸೊಂಟ ನೋಯುತ್ತದೆ. ಹೊಸ ಸ್ತನ ಮುಟ್ಟಿದರೆ ಏನೂ ಗೊತ್ತಾಗುವುದಿಲ್ಲ, ಬೇರೆ ಯಾರದೋ ಅನಿಸುತ್ತದೆ. ಮನೆಯವರು ಅಲುಗಾಡಬೇಡ ಅನ್ನುತ್ತಾರೆ. ಆಸ್ಪತ್ರೆಯಲ್ಲಿ ಓಡಾಡಿ ಅಂದಿದ್ದರು. ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ ಅಂತಲೇ ತಿಳಿಯುತ್ತಿಲ್ಲ. ನನ್ನ ಜೊತೆ ವಾರ್ಡಿನಲ್ಲಿದ್ದ ಇನ್ನೊಬ್ಬರು ಇಂಪ್ಲಾಂಟ್ (ಸ್ತನದ ಆಕಾರಕ್ಕೆ ಒಳಗಿಡುವ ಸಿಲಿಕಾನ್ ಚೀಲ) ಹಾಕಿಸಿಕೊಂಡಿದ್ದರು. ಅವರು ಆಗಲೇ ಸಲೀಸಾಗಿ ಓಡಾಡಿಕೊಂಡಿದ್ದಾರಂತೆ. ನಾನೇ ಹಿಂದೆ ಬಿದ್ದೆನಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಇಲ್ಲ, ನೀವು ಹಿಂದೆ ಬಿದ್ದಿಲ್ಲ. ನಿಮ್ಮದೂ ಅವರದೂ ಬೇರೆ ಬೇರೆ ಆಪರೇಷನ್. ಅವರ ಎದೆಯಲ್ಲಿ ಮಾತ್ರ ಗಾಯ ಇದೆ. ನಿಮಗೆ ಎದೆಯಲ್ಲೊಂದು, ಹೊಟ್ಟೆಯ ಈ ಮಗ್ಗುಲಿನಿಂದ ಆ ಮಗ್ಗುಲಿನವರೆಗೆ ಇನ್ನೊಂದು. ಜೊತೆಗೆ ಹೊಟ್ಟೆಯಿಂದ ತೆಗೆದ ತುಂಡಿಗೆ ರಕ್ತ ಕೊಡುವ, ಎರಡು ಮೂರು ಮಿಲಿಮೀಟರ್ ದಪ್ಪದ ನಾಳಗಳನ್ನು ಮೈಕ್ರೋಸ್ಕೋಪ್ ಕೆಳಗೆ ಎದೆಯ ನಾಳಗಳಿಗೆ ಜೋಡಿಸಿರುತ್ತಾರೆ. ಕೂದಲಿಗಿಂತ ತೆಳುವಾದ ದಾರದಲ್ಲಿ ಹಾಕುವ ಹೊಲಿಗೆ ಅದು. ಇದಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ. ಇಂಪ್ಲಾಂಟ್ ಆದವರು ಸಾಮಾನ್ಯವಾಗಿ ಮೂರರಿಂದ ಆರು ವಾರದಲ್ಲಿ ತಮ್ಮ ಕೆಲಸಗಳಿಗೆ ಮರಳುತ್ತಾರೆ. ನಿಮ್ಮಂಥವರಿಗೆ ಆರರಿಂದ ಎಂಟು ವಾರ ಬೇಕು. ಅದಾದ ಮೇಲೂ ಒಂದೆರಡು ತಿಂಗಳು ಮಧ್ಯಾಹ್ನದ ಹೊತ್ತಿಗೆ ಸುಸ್ತು ಬಂದು ಮಲಗಿಬಿಡೋಣ ಅನಿಸುತ್ತದೆ.

ಹಾಗಾಗಿ ಪಕ್ಕದ ಹಾಸಿಗೆಯವರ ಜೊತೆ ಹೋಲಿಕೆ ಬೇಡ. ಹೋಲಿಸಬೇಕಾದದ್ದು ನಿಮ್ಮ ನಿನ್ನೆಯ ಜೊತೆ. ಯಾವುದಕ್ಕೆ ಹೆದರಬೇಕು ಅಂತ ಕೇಳಿದ್ದೀರಲ್ಲ, ಅದಕ್ಕೂ ಬಹುಪಾಲು ಇದೇ ಉತ್ತರ. ನೋವು, ಊತ, ಕೆಂಪು, ಡ್ರೈನ್‌ನ ನೀರು, ಎಲ್ಲವೂ ಈ ಹಂತದಲ್ಲಿ ಇರುವಂಥವೇ. ಅವು ಇವೆಯಾ ಅಂತ ನೋಡಿದರೆ ದಿನವಿಡೀ ಹೆದರುತ್ತಾ ಕೂರಬೇಕಾಗುತ್ತದೆ. ನಿನ್ನೆಗಿಂತ ಕಡಿಮೆಯಾಗಿವೆಯಾ, ಜಾಸ್ತಿಯಾಗಿವೆಯಾ ಅಂತ ನೋಡಿ. ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಬೆಳಗ್ಗೆ, ಸಂಜೆ ಎರಡು ಸಲ ನಾಲ್ಕು ವಿಷಯ ಬರೆಯಿರಿ: ಜ್ವರ ಎಷ್ಟು, ಎರಡೂ ಡ್ರೈನ್‌ನಲ್ಲಿ ಬಂದದ್ದು ಎಷ್ಟು, ನೋವು ಹತ್ತರಲ್ಲಿ ಎಷ್ಟು, ಯಾವ ಮಾತ್ರೆ ಎಷ್ಟು ಹೊತ್ತಿಗೆ. ಇಷ್ಟು ಸಾಕು. ಫೋನ್ ಮಾಡಿ "ಏನೋ ಸರಿ ಇಲ್ಲ" ಅನ್ನುವವರಿಗಿಂತ "ಡ್ರೈನ್ ನೀರು ಮೂರು ದಿನದಿಂದ 50, 40, 35 ಮಿಲಿಲೀಟರ್ ಬರುತ್ತಿತ್ತು, ಇವತ್ತು 90 ಆಗಿದೆ" ಅನ್ನುವವರಿಗೆ ಆಸ್ಪತ್ರೆಯಲ್ಲಿರುವ ನಾವು ಬೇಗ ಉತ್ತರ ಕೊಡಬಲ್ಲೆವು.

ಡ್ರೈನ್ ವಿಷಯ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಮನೆಗೆ ಕಳಿಸುವ ದಿನ ಇದನ್ನು ನಾವು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತೇವೆ. ಅದು ನಮ್ಮದೇ ತಪ್ಪು. ಚರ್ಮದ ಕೆಳಗೆ ಕತ್ತರಿಸಿದ ಜಾಗದಲ್ಲಿ ನೀರು ಒಸರುತ್ತದೆ. ಅದು ಒಳಗೇ ನಿಲ್ಲದಂತೆ ಹೊರಗೆ ಎಳೆಯುವುದು ನಳಿಕೆಯ ತುದಿಯಲ್ಲಿರುವ ರಬ್ಬರ್ ಬಲ್ಬಿನ ಕೆಲಸ. ಬಲ್ಬ್ ಅಮುಕಿ ಚಪ್ಪಟೆಯಾಗಿದ್ದರೆ ಮಾತ್ರ ಅದು ಎಳೆಯುತ್ತದೆ. ಉಬ್ಬಿಕೊಂಡಿದ್ದರೆ ಸುಮ್ನೆ ನೇತಾಡುವ ಚೀಲ ಅಷ್ಟೇ. ಕೈ ಸೋಪಿನಲ್ಲಿ ತೊಳೆದುಕೊಂಡು ಮುಚ್ಚಳ ತೆಗೆಯಿರಿ. ಒಳಗಿನದನ್ನು ಅಳತೆಯ ಲೋಟಕ್ಕೆ ಸುರಿಯಿರಿ. ಖಾಲಿ ಬಲ್ಬನ್ನು ಅಂಗೈಯಲ್ಲಿ ಪೂರ್ತಿ ಅಮುಕಿ. ಅಮುಕಿ ಹಿಡಿದಿರುವಾಗಲೇ ಮುಚ್ಚಳ ಹಾಕಿ. ಈ ಕ್ರಮ ತಪ್ಪುವುದೇ ಜಾಸ್ತಿ. ಮೊದಲು ಮುಚ್ಚಳ ಹಾಕಿ ಆಮೇಲೆ ಅಮುಕಿದರೆ ಏನೂ ಪ್ರಯೋಜನವಿಲ್ಲ. ಮುಚ್ಚಳದ ಬಾಯಿಗೆ ಬೆರಳು ತಾಗಿಸಬೇಡಿ.

ದಿನಕ್ಕೆ ಎರಡು ಅಥವಾ ಮೂರು ಸಲ, ದಿನಾ ಒಂದೇ ಹೊತ್ತಿಗೆ ಖಾಲಿ ಮಾಡಿ. ಎರಡು ಡ್ರೈನ್‌ಗೆ 1, 2 ಅಂತ ಟೇಪ್ ಮೇಲೆ ಬರೆದು ಅಂಟಿಸಿ, ಲೆಕ್ಕ ಬೇರೆ ಬೇರೆ ಇಡಿ. ಕೂಡಿಸಿ ಬರೆದರೆ ಯಾವುದು ನಿಲ್ಲುತ್ತಾ ಬಂದಿದೆ ಅಂತ ಗೊತ್ತಾಗುವುದಿಲ್ಲ. ಬಣ್ಣ ಮೊದಮೊದಲು ಗಾಢ ಕೆಂಪು ಇದ್ದು, ಗುಲಾಬಿಗೆ ತಿರುಗಿ, ಕೊನೆಗೆ ತಿಳಿ ಹಳದಿಯಾಗುತ್ತದೆ. ನಳಿಕೆಯಲ್ಲಿ ದಾರದಂಥ, ಸಣ್ಣ ಹುಳುವಿನಂಥ ತುಣುಕು ಕಂಡರೆ ಗಾಬರಿಯಾಗಬೇಡಿ. ಅದು ಹೆಪ್ಪುಗಟ್ಟಿದ ಅಂಶ. ಅದೇ ನಳಿಕೆಯನ್ನು ಕಟ್ಟಿಕೊಳ್ಳುತ್ತದೆ ಅಂತ ಅದನ್ನು ಬಲ್ಬಿನ ಕಡೆಗೆ ಸವರಿ ಇಳಿಸಲು ಹೇಳಿಕೊಟ್ಟಿರುತ್ತಾರೆ. ಚರ್ಮದ ಹತ್ತಿರ ನಳಿಕೆಯನ್ನು ಒಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದು, ಇನ್ನೊಂದು ಕೈಯ ಎರಡು ಬೆರಳಲ್ಲಿ ಕೆಳಗೆ ಜಾರಿಸುತ್ತಾ ಬನ್ನಿ. ಮೊದಲ ಕೈ ಬಿಟ್ಟರೆ ಹೊಲಿಗೆ ಎಳೆದು ನೋವಾಗುತ್ತದೆ.

ಒಂದು ದಿನಕ್ಕೆ, ಅಂದರೆ 24 ಗಂಟೆಗೆ, ಒಂದು ಡ್ರೈನ್‌ನಲ್ಲಿ 30 ಮಿಲಿಲೀಟರ್‌ಗಿಂತ ಕಡಿಮೆ ಬರತೊಡಗಿ, ಎರಡು ದಿನ ಹಾಗೆಯೇ ಇದ್ದರೆ ಸಾಮಾನ್ಯವಾಗಿ ಅದನ್ನು ತೆಗೆಯುತ್ತಾರೆ. ಕೆಲವು ಸರ್ಜನ್‌ಗಳು 20ಕ್ಕೆ ಕಾಯುತ್ತಾರೆ. ಒಂದು ವಾರದಲ್ಲೇ ತೆಗೆಸಿಕೊಂಡವರಿದ್ದಾರೆ, ಮೂರು ವಾರ ಇಟ್ಟುಕೊಂಡವರೂ ಇದ್ದಾರೆ. ಹೊಟ್ಟೆಯದು ಎದೆಯದಕ್ಕಿಂತ ತಡವಾಗುವುದು ಮಾಮೂಲು. ಒಂಬತ್ತನೇ ದಿನಕ್ಕೆ ಎರಡು ಉಳಿದಿವೆ ಅಂದರೆ ಅದರಲ್ಲಿ ವಿಶೇಷವೇನಿಲ್ಲ. ಬೇಗ ತೆಗೆದುಬಿಡಿ ಅಂತ ದುಂಬಾಲು ಬೀಳಬೇಡಿ. ಅವಸರದಲ್ಲಿ ತೆಗೆದರೆ ಒಳಗೆ ನೀರು ನಿಂತು, ಮುಟ್ಟಿದರೆ ತುಳುಕಿದ ಹಾಗೆ ಅನಿಸುವ ಉಬ್ಬು ಬರುತ್ತದೆ. ಆಗ ಸೂಜಿಯಿಂದ ಎಳೆದು ತೆಗೆಯಬೇಕಾಗುತ್ತದೆ, ಕೆಲವೊಮ್ಮೆ ಎರಡು ಮೂರು ಸಲ. ಹಾಗಂತ ವಾರಗಟ್ಟಲೆ ಇಟ್ಟುಕೊಳ್ಳುವುದೂ ಒಳ್ಳೆಯದಲ್ಲ, ನಳಿಕೆಯ ದಾರಿಯಲ್ಲೇ ಸೋಂಕು ಒಳಗೆ ಹೋಗಬಹುದು. ಬಲ್ಬುಗಳನ್ನು ಅಂಗಿಯ ಒಳಗೆ ಪಿನ್ ಹಾಕಿ ಅಥವಾ ಸೊಂಟಕ್ಕೆ ಪಟ್ಟಿ ಕಟ್ಟಿ ಸಿಕ್ಕಿಸಿ. ನೇತಾಡಲು ಬಿಟ್ಟರೆ ಬಾಗಿಲಿನ ಚಿಲಕಕ್ಕೆ ಸಿಕ್ಕಿಕೊಳ್ಳುವುದು ಗ್ಯಾರಂಟಿ. ಎಷ್ಟೋ ಜನ ಹೇಳಿದ್ದಾರೆ.

ಇನ್ನು ಬಾಗಿ ನಡೆಯುವ ವಿಷಯ. ಹೊಟ್ಟೆಯಿಂದ ಅಗಲವಾದ ಒಂದು ಪಟ್ಟಿ ಚರ್ಮ ತೆಗೆದು, ಮೇಲಿನ ಚರ್ಮವನ್ನು ಕೆಳಗೆ ಎಳೆದು ಹೊಲಿದಿದ್ದಾರೆ. ಅಳತೆಗಿಂತ ಗಿಡ್ಡದಾದ ಅಂಗಿ ತೊಟ್ಟ ಹಾಗೆ. ಆ ಬಿಗಿ ಸಡಿಲವಾಗಲು ಎರಡು ವಾರ, ಕೆಲವರಿಗೆ ಮೂರು ವಾರ ಬೇಕು. ಅಲ್ಲಿಯವರೆಗೆ ನೆಟ್ಟಗೆ ನಿಲ್ಲಲೇಬೇಕು ಅಂತ ಹಟ ಹಿಡಿದರೆ ಹೊಲಿಗೆಯ ಮೇಲೆ ಎಳೆತ ಬೀಳುತ್ತದೆ. ದಿನಾ ಸ್ವಲ್ಪ ಸ್ವಲ್ಪ, ನೋಯದಷ್ಟೇ ಮೇಲೇಳಿ. ಸೊಂಟ ನೋವು ಬಂದಿರುವುದು ಬಾಗಿದ್ದರಿಂದಲೇ. ಒಂದೇ ಸಲ ಜಾಸ್ತಿ ದೂರ ನಡೆಯುವ ಬದಲು ಐದೈದು ನಿಮಿಷ ನಡೆದು ಕುಳಿತುಕೊಳ್ಳಿ. ಕೆಲವರು ವಾಕರ್ ಅಥವಾ ಕೋಲು ಹಿಡಿದು ನಡೆದಾಗ ಬೆನ್ನಿಗೆ ಹಗುರ ಅನ್ನುತ್ತಾರೆ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ, ಎರಡು ವಾರದ ಮಾತು.

ಮಲಗುವಾಗ ಬೆನ್ನ ಮೇಲೆಯೇ ಮಲಗಿ. ತಲೆ ಮತ್ತು ಬೆನ್ನಿನ ಹಿಂದೆ ದಿಂಬುಗಳನ್ನಿಟ್ಟು ಮೈ ಎತ್ತರಿಸಿ, ಮಂಡಿಯ ಕೆಳಗೂ ಒಂದು ದಿಂಬು ಇಡಿ. ಹೀಗೆ ಮಡಚಿದಂತೆ ಮಲಗಿದರೆ ಹೊಟ್ಟೆಗೆ ಎಳೆತ ಬೀಳುವುದಿಲ್ಲ. ಹಿಂದಕ್ಕೆ ಒರಗುವ ಕುರ್ಚಿ ಮನೆಯಲ್ಲಿದ್ದರೆ ಮೊದಲ ಎರಡು ವಾರ ಅದರಲ್ಲೇ ನಿದ್ದೆ ಮಾಡುವವರೂ ಇದ್ದಾರೆ. ಆಪರೇಷನ್ ಆದ ಕಡೆ ಮಗ್ಗುಲಾಗುವುದು, ಬೋರಲು ಮಲಗುವುದು ಸರ್ಜನ್ ಹೇಳುವವರೆಗೆ ಬೇಡ. ಹೊಸ ಸ್ತನಕ್ಕೆ ರಕ್ತ ತರುವ ನಾಳದ ಮೇಲೆ ಭಾರ ಬೀಳಬಾರದು. ಏಳುವಾಗ ಹೊಟ್ಟೆ ಬಿಗಿಹಿಡಿದು ಎದ್ದು ಕೂರಬೇಡಿ. ಮಂಡಿ ಮಡಚಿ, ಆಪರೇಷನ್ ಆಗದ ಕಡೆಗೆ ಇಡೀ ಮೈಯನ್ನು ಮರದ ದಿಮ್ಮಿ ಉರುಳಿಸಿದಂತೆ ಹೊರಳಿಸಿ, ಕಾಲುಗಳನ್ನು ಕೆಳಗಿಳಿಸಿ, ಆ ಕಡೆಯ ಮೊಣಕೈ ಊರಿ ಮೆಲ್ಲಗೆ ಏಳಿ. ಕೆಮ್ಮು, ಸೀನು ಬಂದರೆ, ನಗು ಬಂದರೂ ಸರಿ, ದಿಂಬೊಂದನ್ನು ಹೊಟ್ಟೆಗೆ ಅಪ್ಪಿ ಹಿಡಿಯಿರಿ.

ಮನೆಯವರು ಅಲುಗಾಡಬೇಡ ಅನ್ನುವುದು ಪ್ರೀತಿಯಿಂದ, ಸರಿ. ಆದರೆ ಇಲ್ಲಿ ಆಸ್ಪತ್ರೆಯವರ ಮಾತೇ ಸರಿ, ಈ ಪ್ಯಾರಾವನ್ನು ಅವರಿಗೆ ಓದಿ ಹೇಳಿ. ದೊಡ್ಡ ಆಪರೇಷನ್ ಆದ ಮೇಲೆ ಮಲಗಿಯೇ ಇದ್ದರೆ ಕಾಲಿನ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟಬಹುದು. ಆ ಹೆಪ್ಪು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಅಪಾಯ. ಕ್ಯಾನ್ಸರ್ ಇದ್ದವರಲ್ಲಿ ಈ ಅಪಾಯ ಇನ್ನೂ ಜಾಸ್ತಿ. ಎಚ್ಚರವಿರುವಾಗ ಗಂಟೆಗೋ ಎರಡು ಗಂಟೆಗೋ ಒಮ್ಮೆ ಎದ್ದು ಮನೆಯೊಳಗೆ ಒಂದು ಸುತ್ತು ಹಾಕಿ. ಮಲಗಿರುವಾಗ ಪಾದವನ್ನು ಮೇಲೆ ಕೆಳಗೆ ಆಡಿಸಿ. ರಕ್ತ ತೆಳುವಾಗಿಸುವ ಇಂಜೆಕ್ಷನ್ ಮನೆಗೂ ಬರೆದುಕೊಟ್ಟಿದ್ದರೆ "ಈಗ ಚೆನ್ನಾಗಿದ್ದೇನಲ್ಲ" ಅಂತ ಮಧ್ಯದಲ್ಲಿ ನಿಲ್ಲಿಸಬೇಡಿ. ಸ್ತನ ಕ್ಯಾನ್ಸರ್‌ಗೆ ಕೊಡುವ ಟ್ಯಾಮಾಕ್ಸಿಫೆನ್ ಮಾತ್ರೆಗೂ ಹೆಪ್ಪುಗಟ್ಟುವ ಅಪಾಯ ಇದೆ ಅಂತ ಈ ಥರದ ಆಪರೇಷನ್‌ಗೆ ಮುಂಚೆ ಕೆಲವರಿಗೆ ನಿಲ್ಲಿಸಿರುತ್ತಾರೆ. ನಿಮಗೆ ನಿಲ್ಲಿಸಿದ್ದರೆ ಮತ್ತೆ ಶುರು ಮಾಡುವ ದಿನವನ್ನು ವೈದ್ಯರೇ ಹೇಳಬೇಕು.

ನಡೆಯಬೇಕು, ಆದರೆ ಎತ್ತಬಾರದು. ಮೊದಲ ಆರು ವಾರ ಎರಡು ಮೂರು ಕೆಜಿಗಿಂತ ಭಾರವಾದದ್ದು ಏನೂ ಬೇಡ. ತುಂಬಿದ ಬಕೆಟ್, ಮಗು, ದೊಡ್ಡ ಪಾತ್ರೆ, ಯಾವುದೂ. ಎಳೆಯುವುದು, ತಳ್ಳುವುದು, ನೆಲ ಒರೆಸುವುದು, ಬಿಗಿ ಮುಚ್ಚಳ ತಿರುಗಿಸುವುದೂ ಇದೇ ಲೆಕ್ಕಕ್ಕೆ ಬರುತ್ತವೆ. ಡ್ರೈನ್‌ನ ಅಳತೆ ದಿಢೀರನೆ ಏರಿದ ಬಹಳಷ್ಟು ಸಂದರ್ಭದಲ್ಲಿ ವಿಚಾರಿಸಿದರೆ ಹಿಂದಿನ ದಿನ ಇಂಥದ್ದೇನೋ ಮಾಡಿರುತ್ತಾರೆ. ದಿನಬಳಕೆಯ ವಸ್ತುಗಳನ್ನೆಲ್ಲ ಸೊಂಟದಿಂದ ಭುಜದ ಎತ್ತರದ ನಡುವೆ ಇಡಿಸಿಕೊಳ್ಳಿ, ಆಗ ಬಗ್ಗುವುದೂ ತಪ್ಪುತ್ತದೆ, ಕೈ ಎತ್ತುವುದೂ ತಪ್ಪುತ್ತದೆ.

ಕೈಯ ವಿಷಯದಲ್ಲಿ ಮಾತ್ರ ಎರಡೂ ಕಡೆಯ ತಪ್ಪು ನಡೆಯುತ್ತದೆ. ಕೆಲವರು ಮೊದಲ ವಾರವೇ ತಲೆ ಬಾಚಲು ಕೈ ಪೂರ್ತಿ ಎತ್ತುತ್ತಾರೆ. ಇನ್ನು ಕೆಲವರು ಹೆದರಿ ಕೈಯನ್ನು ಎದೆಗೆ ಒತ್ತಿಕೊಂಡೇ ಇರುತ್ತಾರೆ, ತಿಂಗಳಾಗುವಷ್ಟರಲ್ಲಿ ಭುಜ ಸೆಟೆದುಕೊಂಡಿರುತ್ತದೆ. ಡ್ರೈನ್ ಇರುವವರೆಗೆ ಮೊಣಕೈಯನ್ನು ಭುಜದ ಮಟ್ಟಕ್ಕಿಂತ ಮೇಲೆ ಎತ್ತಬೇಡಿ. ಆದರೆ ಭುಜ ಕುಣಿಸುವುದು, ಹಿಂದಕ್ಕೆ ತಿರುಗಿಸುವುದು, ಮೊಣಕೈ ಮಡಚಿ ಬಿಡಿಸುವುದು, ಮುಷ್ಟಿ ಬಿಗಿದು ಬಿಡುವುದು, ಇವನ್ನು ದಿನಕ್ಕೆ ಮೂರು ನಾಲ್ಕು ಸಲ ಮಾಡಿ. ಸರ್ಜನ್ ಒಪ್ಪಿದ ಮೇಲೆ ಗೋಡೆಗೆ ಮುಖ ಮಾಡಿ ನಿಂತು, ಬೆರಳುಗಳಿಂದ ಗೋಡೆ ಹತ್ತುವ ವ್ಯಾಯಾಮ ಶುರು ಮಾಡಬಹುದು. ನಿಮಗೆ ಕಂಕುಳಿನ ಗಂಟು ತೆಗೆದಿರುವುದರಿಂದ ಇನ್ನೊಂದು ಮಾತು. ಕೆಲವು ವಾರಗಳ ನಂತರ ಕಂಕುಳಿನಿಂದ ಮೊಣಕೈ ಕಡೆಗೆ ತಂತಿ ಬಿಗಿದ ಹಾಗೆ ಚರ್ಮದ ಕೆಳಗೆ ಎಳೆ ಕಾಣಬಹುದು, ಕೈ ಚಾಚಿದರೆ ನೋಯುತ್ತದೆ. ನರ ಸಿಕ್ಕಿಕೊಂಡಿದೆ ಅಂತ ತಿಳಿದು ತುಂಬಾ ಜನ ಹೆದರುತ್ತಾರೆ. ಅದು ವ್ಯಾಯಾಮ, ಫಿಸಿಯೋಥೆರಪಿಯಿಂದ ವಾಸಿಯಾಗುವಂಥದ್ದು. ಆದರೆ ಕೈ ಭಾರ ಅನಿಸಿ, ಉಂಗುರ ಬಿಗಿಯಾಗಿ ಊದತೊಡಗಿದರೆ ತಡ ಮಾಡದೆ ತೋರಿಸಿ.

ನೋವಿನ ಮಾತ್ರೆಯನ್ನು ನೋವು ಜೋರಾದ ಮೇಲೆ ನುಂಗುವುದಕ್ಕಿಂತ, ಮೊದಲ ದಿನಗಳಲ್ಲಿ ಬರೆದುಕೊಟ್ಟ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳುವುದು ಒಳ್ಳೆಯದು. ಆಮೇಲೆ ಒಂದೊಂದೇ ಕಡಿಮೆ ಮಾಡಿ. ಪ್ಯಾರಾಸಿಟಮಾಲ್ ಬೇರೆ ಮಾತ್ರೆಗಳ ಒಳಗೂ ಸೇರಿರುತ್ತದೆ, ನೆಗಡಿ ಮಾತ್ರೆಯಲ್ಲೂ ಇರುತ್ತದೆ. ಎಲ್ಲಾ ಸೇರಿ ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಮೀರಬಾರದು, ತೂಕ ಕಡಿಮೆ ಇರುವವರಿಗೆ, ಲಿವರ್ ತೊಂದರೆ ಇರುವವರಿಗೆ ಅದಕ್ಕಿಂತಲೂ ಕಡಿಮೆ. ಐಬುಪ್ರೊಫೆನ್, ಆಸ್ಪಿರಿನ್ ಥರದವನ್ನು ಕೇಳದೆ ತೆಗೆದುಕೊಳ್ಳಬೇಡಿ, ರಕ್ತಸ್ರಾವ ಜಾಸ್ತಿಯಾಗಬಹುದು. ಟ್ರಮಡಾಲ್‌ನಂಥ ಗಟ್ಟಿ ಮಾತ್ರೆಗಳಿಂದ ಮಲ ಕಟ್ಟಿಕೊಳ್ಳುತ್ತದೆ. ಹೊಟ್ಟೆಯ ಮೇಲೆ ಹೊಲಿಗೆ ಇರುವಾಗ ತಿಣುಕುವುದು ಎಷ್ಟು ಕಷ್ಟ ಅಂತ ಹೇಳಬೇಕಿಲ್ಲ. ನೀರು, ನಾರಿನಂಶ, ಓಡಾಟ, ಬೇಕಿದ್ದರೆ ವೈದ್ಯರು ಹೇಳಿದ ಮಲ ಮೃದುವಾಗಿಸುವ ಔಷಧಿ, ಇವನ್ನು ತೊಂದರೆ ಶುರುವಾಗುವ ಮೊದಲೇ ಮಾಡಿಕೊಳ್ಳಿ. ಆಗಾಗ ಕರೆಂಟ್ ಹೊಡೆದ ಹಾಗೆ ಚುಳ್ ಅನ್ನುವ ನೋವು ಬಂದು ಹೋಗಬಹುದು. ಕತ್ತರಿಸಿದ ಸಣ್ಣ ನರಗಳು ಚೇತರಿಸಿಕೊಳ್ಳುವಾಗ ಹಾಗಾಗುತ್ತದೆ.

ಮುಟ್ಟಿದರೆ ಗೊತ್ತಾಗುವುದಿಲ್ಲ ಅಂದಿರಿ. ಹೌದು, ಸ್ತನ ತೆಗೆಯುವಾಗ ಅಲ್ಲಿನ ಚರ್ಮಕ್ಕೆ ಬರುವ ನರಗಳೂ ಹೋಗುತ್ತವೆ. ತಿಂಗಳುಗಳ ಮೇಲೆ, ಕೆಲವೊಮ್ಮೆ ವರ್ಷಗಳ ಮೇಲೆ ಅಂಚಿನಿಂದ ಸ್ವಲ್ಪ ಸ್ವಲ್ಪ ಸ್ಪರ್ಶ ಮರಳಬಹುದು. ಪೂರ್ತಿ ಮೊದಲಿನಂತೆ ಆಗುವುದು ಅಪರೂಪ. ಸುಮ್ನೆ ಸಮಾಧಾನಕ್ಕೆ ಸುಳ್ಳು ಹೇಳುವುದು ನನಗೆ ಇಷ್ಟವಿಲ್ಲ. ಆದರೆ ಇದರಿಂದ ಒಂದು ನೇರ ಅಪಾಯ ಇದೆ, ಇದನ್ನು ಮಾತ್ರ ಮರೆಯಬೇಡಿ. ಹೊಸ ಸ್ತನದ ಮೇಲೆ, ಹೊಟ್ಟೆಯ ಹೊಲಿಗೆಯ ಸುತ್ತ ಬಿಸಿನೀರಿನ ಚೀಲ, ಹೀಟಿಂಗ್ ಪ್ಯಾಡ್, ಐಸ್ ಯಾವುದನ್ನೂ ಇಡಬೇಡಿ. ಆಪರೇಷನ್ ಚೆನ್ನಾಗಿ ಆಗಿ, ಎಲ್ಲಾ ವಾಸಿಯಾಗಿ, ಚಳಿಗೆ ಎದೆಯ ಮೇಲೆ ಬಿಸಿನೀರಿನ ಚೀಲ ಇಟ್ಟುಕೊಂಡು ನಿದ್ದೆ ಹೋದವರು ಬೊಬ್ಬೆ ಎದ್ದು ಬಂದದ್ದನ್ನು ನೋಡಿದ್ದೇನೆ. ಸುಟ್ಟದ್ದು ಅವರಿಗೆ ಗೊತ್ತೇ ಆಗಿರಲಿಲ್ಲ. ಸ್ನಾನದ ನೀರಿನ ಬಿಸಿಯನ್ನೂ ಎಡಗೈಯಲ್ಲೋ ಬೇರೆಯವರ ಕೈಯಲ್ಲೋ ನೋಡಿಕೊಳ್ಳಿ. ಈ ಎಚ್ಚರಿಕೆ ಆರು ವಾರಕ್ಕೆ ಮುಗಿಯುವುದಿಲ್ಲ, ಯಾವಾಗಲೂ ಇರಬೇಕು.

ಸ್ನಾನ ಯಾವಾಗ ಅಂತ ನಿಮ್ಮ ಸರ್ಜನ್ ಹೇಳಿದ್ದೇ ಕೊನೆಯ ಮಾತು. ಎರಡು ದಿನಕ್ಕೇ ಬಿಡುವವರಿದ್ದಾರೆ, ಡ್ರೈನ್ ತೆಗೆಯುವವರೆಗೆ ಕಾಯಿಸುವವರೂ ಇದ್ದಾರೆ. ಅಲ್ಲಿಯವರೆಗೆ ಒದ್ದೆ ಬಟ್ಟೆಯಿಂದ ಮೈ ಒರೆಸಿಕೊಳ್ಳಿ. ಅನುಮತಿ ಸಿಕ್ಕ ಮೇಲೆ ನೀರು ಮೆಲ್ಲಗೆ ಹರಿಯಲಿ, ಉಜ್ಜಬೇಡಿ, ಮೆತ್ತನೆಯ ಟವೆಲ್ ಒತ್ತಿ ಒರೆಸಿ. ಮೊದಲ ಸ್ನಾನಕ್ಕೆ ಒಳಗೊಂದು ಸ್ಟೂಲ್ ಇರಲಿ, ಬಾಗಿಲಾಚೆ ಯಾರಾದರೂ ಇರಲಿ. ತಲೆ ಸುತ್ತುವುದು ಇಲ್ಲೇ. ಟಬ್, ಈಜುಕೊಳ ಗಾಯ ಪೂರ್ತಿ ಮಾಗುವವರೆಗೆ ಬೇಡ. ಪೌಡರ್, ಲೋಷನ್, ಮನೆಮದ್ದು, ಯಾವ ಎಣ್ಣೆಯೂ ಹಸಿ ಗಾಯದ ಹತ್ತಿರ ಸುಳಿಯಬಾರದು.

ಮುಂದೆ ಬಟನ್ ಇರುವ ಸಡಿಲ ಅಂಗಿಗಳನ್ನೇ ತೊಡಿ. ಬ್ರಾ ವಿಷಯದಲ್ಲಿ ಸರ್ಜನ್‌ಗಳ ಅಭಿಪ್ರಾಯ ಬೇರೆ ಬೇರೆ. ಮುಂದೆ ತೆರೆಯುವ ಮೆತ್ತನೆಯದು ಹಗಲೂ ರಾತ್ರಿ ಇರಲಿ ಅನ್ನುವವರಿದ್ದಾರೆ. ನಿಮ್ಮ ಥರದ ಆಪರೇಷನ್‌ಗೆ ಮೊದಲ ಕೆಲವು ವಾರ ಏನೂ ಬೇಡ, ಒತ್ತುತ್ತದೆ ಅನ್ನುವವರೂ ಇದ್ದಾರೆ. ನಿಮ್ಮವರನ್ನು ಕೇಳಿ. ತಂತಿ ಇರುವ ಬ್ರಾ ಅಂತೂ ಕನಿಷ್ಠ ಎರಡು ತಿಂಗಳು ಬೇಡ. ಹೊಟ್ಟೆಗೆ ಬೆಲ್ಟ್ ಕೊಟ್ಟಿದ್ದರೆ ಅದು ಮೇಲೆ ಸರಿದು ಸ್ತನದ ಕೆಳಗಂಚನ್ನು ಒತ್ತದಂತೆ ನೋಡಿಕೊಳ್ಳಿ.

ಈಗ ನಿಜವಾಗಿ ಹೆದರಬೇಕಾದವುಗಳ ವಿಷಯ. ಹೊಟ್ಟೆಯಿಂದ ತಂದ ತುಂಡಿನ ರಕ್ತನಾಳ ಕಟ್ಟಿಕೊಳ್ಳುವ ಅಪಾಯ ಅತಿ ಹೆಚ್ಚು ಇರುವುದು ಮೊದಲ ಎರಡು ಮೂರು ದಿನ. ಅದಕ್ಕೇ ಆಸ್ಪತ್ರೆಯಲ್ಲಿ ರಾತ್ರಿಯೆಲ್ಲ ಎಬ್ಬಿಸಿ ನೋಡುತ್ತಿದ್ದರು. ಅದನ್ನು ನೀವು ದಾಟಿದ್ದೀರಿ. ಆದರೂ ಹೊಸ ಸ್ತನದ ಚರ್ಮ ನೀಲಿ ಅಥವಾ ನೇರಳೆಗೆ ತಿರುಗಿದರೆ, ಬಿಳಿಚಿಕೊಂಡು ತಣ್ಣಗಾದರೆ, ಒಂದು ಕಡೆ ದಿಢೀರನೆ ಊದಿ ಬಿಗಿಯಾದರೆ, ಡ್ರೈನ್‌ನಲ್ಲಿ ಹಸಿ ಕೆಂಪು ರಕ್ತ ಬಂದು ಬಲ್ಬ್ ಪದೇ ಪದೇ ತುಂಬಿದರೆ ಬೆಳಗಾಗಲಿ ಅಂತ ಕಾಯಬೇಡಿ. ಆ ಕ್ಷಣವೇ ಆಸ್ಪತ್ರೆಗೆ ಹೊರಡಿ. ಒಂದು ಕಾಲಿನ ಮೀನಖಂಡ ಊದಿ ನೋಯುವುದು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಎದೆ ಚುಚ್ಚುವುದು, ಕೆಮ್ಮಿನಲ್ಲಿ ರಕ್ತ, ಇವು ಇನ್ನೂ ತುರ್ತು. ಆಗ ಪ್ಲಾಸ್ಟಿಕ್ ಸರ್ಜನ್ ಎಲ್ಲಿದ್ದಾರೆ ಅಂತ ಹುಡುಕುತ್ತಾ ಕೂರದೆ ಹತ್ತಿರದ ಎಮರ್ಜೆನ್ಸಿಗೆ ಹೋಗಿ.

ಜ್ವರ 38 ಡಿಗ್ರಿ ಸೆಲ್ಸಿಯಸ್ ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ, ಕೆಂಪು ದಿನೇ ದಿನೇ ಹರಡುತ್ತಿದ್ದರೆ, ಕೀವು ಅಥವಾ ಕೆಟ್ಟ ವಾಸನೆ ಬಂದರೆ, ಕಡಿಮೆಯಾಗುತ್ತಿದ್ದ ನೋವು ತಿರುಗಿ ಏರಿದರೆ ಅದೇ ದಿನ ಫೋನ್ ಮಾಡಿ. ಕೆಂಪು ಹರಡುತ್ತಿದೆಯಾ ಇಲ್ಲವಾ ಅಂತ ಅನುಮಾನ ಬಂದರೆ ಅದರ ಅಂಚಿಗೆ ಪೆನ್ನಿನಿಂದ ಗೆರೆ ಎಳೆದು, ಹೊತ್ತು ಬರೆದಿಡಿ. ಮೂರು ನಾಲ್ಕು ಗಂಟೆ ಬಿಟ್ಟು ನೋಡಿ, ಗೆರೆ ದಾಟಿದ್ದರೆ ಫೋನ್ ಮಾಡಿ. ಜ್ವರವೂ ಇದ್ದರೆ ಗೆರೆ ಎಳೆದು ಕಾಯುವುದೂ ಬೇಡ. ಹೊಲಿಗೆಯ ಅಂಚು, ಹೊಕ್ಕುಳಿನ ಸುತ್ತ ಸಣ್ಣಗೆ ಕಪ್ಪು ಹಕ್ಕಳೆ ಕಟ್ಟುವುದು, ಅಲ್ಲಲ್ಲಿ ಅರ್ಧ ಸೆಂಟಿಮೀಟರ್ ಬಾಯಿ ಬಿಡುವುದು ಅಪರೂಪವಲ್ಲ. ಮುಂದಿನ ಭೇಟಿಗೆ ಕಾಯದೆ ಫೋಟೋ ಕಳಿಸಿ ಕೇಳಿ. ಬಹುತೇಕ ಡ್ರೆಸ್ಸಿಂಗ್‌ನಲ್ಲೇ ಕೂಡಿಕೊಳ್ಳುತ್ತವೆ.

ನಿಮ್ಮ ವಾರ್ಡಿನ ಗೆಳತಿಗೂ ಒಂದು ಮಾತು ಹೇಳಿ. ಅವರಿಗೆ ನೇರವಾಗಿ ಇಂಪ್ಲಾಂಟ್ ಹಾಕದೆ, ಮೊದಲು ಚರ್ಮ ಹಿಗ್ಗಿಸುವ ಎಕ್ಸ್‌ಪ್ಯಾಂಡರ್ ಅನ್ನುವ ಬಲೂನ್ ಇಟ್ಟಿದ್ದರೆ, ಎರಡು ಮೂರು ವಾರದ ಮೇಲೆ ಅದಕ್ಕೆ ಸೂಜಿಯಿಂದ ಸಲೈನ್ ತುಂಬಲು ಶುರು ಮಾಡುತ್ತಾರೆ, ಪ್ರತಿ ಸಲ ಸಾಮಾನ್ಯವಾಗಿ 50ರಿಂದ 100 ಮಿಲಿಲೀಟರ್. ತುಂಬಿದ ದಿನ, ಮರುದಿನ ಎದೆ ಬಿಗಿದ ಹಾಗಿರುತ್ತದೆ. ಅಂಥ ಬಹಳಷ್ಟು ಬಲೂನ್‌ಗಳ ಒಳಗೆ ಅಯಸ್ಕಾಂತ ಇರುತ್ತದೆ, ಆದ್ದರಿಂದ ಎಂಆರ್‌ಐ ಮಾಡಿಸಲು ಯಾರಾದರೂ ಬರೆದುಕೊಟ್ಟರೆ ಮೊದಲು ಇದನ್ನು ತಿಳಿಸಬೇಕು. ಇಂಪ್ಲಾಂಟ್‌ನ ಕಾರ್ಡ್ ಕೊಟ್ಟಿದ್ದರೆ ಜೋಪಾನ ಮಾಡಲಿ. ಇಂಪ್ಲಾಂಟ್ ಜೀವನಪೂರ್ತಿ ಬಾಳುವ ವಸ್ತುವಲ್ಲ, ಮುಂದೆಂದೋ ಬದಲಿಸಬೇಕಾದಾಗ ಆ ವಿವರ ಬೇಕಾಗುತ್ತದೆ. ಅವರು ಬೇಗ ಓಡಾಡುತ್ತಿದ್ದಾರೆ ನಿಜ, ಆದರೆ ಅವರ ದಾರಿಯಲ್ಲೂ ಇನ್ನೊಂದು ಆಪರೇಷನ್ ಇರಬಹುದು.

ಊಟದಲ್ಲಿ ಪ್ರೋಟೀನ್ ಜಾಸ್ತಿ ಇರಲಿ. ಬೇಳೆಕಾಳು, ಹಾಲು, ಮೊಟ್ಟೆ, ಮೀನು, ನಿಮಗೆ ಒಗ್ಗುವುದು ಯಾವುದಾದರೂ ಸರಿ. ಪಥ್ಯ ಅಂತ ಊಟ ಕಡಿಮೆ ಮಾಡಿದರೆ ಗಾಯ ಮಾಗುವುದು ತಡವಾಗುತ್ತದೆ. ಸಕ್ಕರೆ ಕಾಯಿಲೆ ಇದ್ದರೆ ಈ ವಾರಗಳಲ್ಲಿ ಅದನ್ನು ಬಿಗಿಯಾಗಿ ಹಿಡಿತದಲ್ಲಿಡಿ. ಸಿಗರೇಟು, ತಂಬಾಕು ಯಾವ ರೂಪದಲ್ಲೂ ಬೇಡ, ನಿಕೋಟಿನ್ ಚೂಯಿಂಗ್ ಗಮ್, ಪ್ಯಾಚ್ ಕೂಡ ಬೇಡ. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಬಿಗಿಸುತ್ತದೆ, ನಿಮ್ಮ ಹೊಸ ಸ್ತನ ಬದುಕಿರುವುದೇ ಅಂಥ ನಾಳಗಳಿಂದ. ಮನೆಯಲ್ಲಿ ಬೇರೆಯವರು ಸೇದುತ್ತಿದ್ದರೆ ಹೊರಗೆ ಕಳಿಸಿ, ದಾಕ್ಷಿಣ್ಯ ಬೇಡ.

"ಬೇರೆ ಯಾರದೋ ಅನಿಸುತ್ತದೆ" ಅಂತ ಬರೆದಿದ್ದೀರಿ. ನಿಮ್ಮ ಪತ್ರದಲ್ಲಿ ನಾನು ಎರಡು ಸಲ ಓದಿದ ಸಾಲು ಅದು. ಹೊಟ್ಟೆಯ ಚರ್ಮ ಎದೆಯ ಮೇಲಿದೆ, ಮುಟ್ಟಿದರೆ ತಿಳಿಯುವುದಿಲ್ಲ, ಊದಿಕೊಂಡಿದೆ, ಇನ್ನೊಂದಕ್ಕೆ ಹೊಂದುವುದಿಲ್ಲ. ಹಾಗೆ ಅನಿಸದಿದ್ದರೇ ಆಶ್ಚರ್ಯ. ಜೀವ ಉಳಿಯಿತಲ್ಲ, ಇನ್ನೇನು ಅಂತ ಸುತ್ತಲಿನವರು ಹೇಳುತ್ತಾರೆ. ಆ ಮಾತು ಬಾಯಿ ಮುಚ್ಚಿಸುತ್ತದೆ ಅಷ್ಟೇ, ಮನಸ್ಸು ಹಗುರ ಮಾಡುವುದಿಲ್ಲ. ಕ್ಯಾನ್ಸರ್ ಅಂತ ಗೊತ್ತಾದ ದಿನದಿಂದ ಪರೀಕ್ಷೆ, ಆಪರೇಷನ್ ಅಂತ ಓಡಾಡಿದವರಿಗೆ ಅಳಲು ಪುರುಸೊತ್ತು ಸಿಗುವುದು ಮನೆಗೆ ಬಂದ ಮೇಲೇನೇ. ಅಳು ಬಂದರೆ ಅಳಿ. ಕನ್ನಡಿಯಲ್ಲಿ ನೋಡಿಕೊಳ್ಳಲು ಅವಸರವಿಲ್ಲ. ಮೊದಲು ಡ್ರೆಸ್ಸಿಂಗ್ ಮಾಡುವಾಗ ಮೇಲಿನಿಂದ ಕಣ್ಣು ಹಾಯಿಸಿ, ಇನ್ನೊಂದು ದಿನ ಅಂಗೈ ಇಟ್ಟು ನೋಡಿ, ಆಮೇಲೆ ಕನ್ನಡಿ. ಜೊತೆಗೆ ಯಾರಿರಬೇಕು, ಯಾರೂ ಬೇಡವಾ ಅನ್ನುವುದೂ ನಿಮ್ಮಿಷ್ಟ. ಗಂಡನಿಗೆ ತೋರಿಸಬೇಕಾದ ದಿನ ಅಂತ ಯಾವುದೂ ಇಲ್ಲ. ಎರಡು ವಾರ ದಾಟಿದರೂ ನಿದ್ದೆ ಬರದೆ, ಊಟ ಸೇರದೆ, ಯಾವುದರಲ್ಲೂ ಮನಸ್ಸಿಲ್ಲದಂತಾದರೆ ಅದನ್ನೂ ನೋಟ್‌ಬುಕ್‌ನಲ್ಲಿ ಬರೆದು ವೈದ್ಯರಿಗೆ ಹೇಳಿ. ಜ್ವರದಷ್ಟೇ ಹೇಳಬೇಕಾದ ವಿಷಯ ಅದು.

ಈಗ ಕಾಣುವ ಆಕಾರ ಕೊನೆಯದಲ್ಲ. ಊತ ಇಳಿದು, ಭಾರಕ್ಕೆ ಕೆಳಗಿಳಿದು ಒಂದು ನೆಲೆಗೆ ಬರಲು ಆರು ತಿಂಗಳಿಂದ ವರ್ಷ ಬೇಕು. ಎರಡೂ ಕಡೆ ಹೊಂದಿಸುವ ಸಣ್ಣ ಆಪರೇಷನ್, ಮೊಲೆತೊಟ್ಟು ಮಾಡುವುದು, ಅದರ ಬಣ್ಣಕ್ಕೆ ಹಚ್ಚೆ ಹಾಕುವುದು ಎಲ್ಲಾ ಆಮೇಲಿನ ಮಾತು. ಬೇಡ ಅಂದರೆ ಮಾಡಿಸಿಕೊಳ್ಳಲೇಬೇಕು ಅಂತೇನೂ ಇಲ್ಲ. ಗಾಯದ ಗೆರೆ ಮೊದಲ ಕೆಲವು ತಿಂಗಳು ಇನ್ನಷ್ಟು ಕೆಂಪಾಗಿ ಗಡುಸಾಗಿ ಕಂಡು, ಆಮೇಲೆ ವರ್ಷ, ಒಂದೂವರೆ ವರ್ಷದಲ್ಲಿ ಮಾಸುತ್ತದೆ. ಕೀಮೋ ಅಥವಾ ರೇಡಿಯೇಷನ್ ಬಾಕಿ ಇದ್ದರೆ ಗಾಯ ಮಾಗದೆ ಅದು ಮುಂದಕ್ಕೆ ಹೋಗಬಹುದು, ಹಾಗಾಗಿ ಗಾಯದಲ್ಲಿ ಏನೇ ತೊಂದರೆ ಇದ್ದರೂ ಕ್ಯಾನ್ಸರ್ ವೈದ್ಯರಿಗೂ ತಿಳಿಸಿ. ಕಾರು ಓಡಿಸಲು ಐದಾರು ವಾರ ಬಿಡಿ. ಗಟ್ಟಿ ನೋವಿನ ಮಾತ್ರೆ ನಿಂತಿರಬೇಕು, ಹೊಟ್ಟೆ ಹಿಡಿದುಕೊಳ್ಳದೆ ಬ್ರೇಕ್ ಜೋರಾಗಿ ಒತ್ತಲು ಬರಬೇಕು.

ನೀವು ಕೇಳಿಲ್ಲ, ಆದರೆ ಎಲ್ಲರ ಮನಸ್ಸಿನಲ್ಲೂ ಇರುವ ಒಂದು ಪ್ರಶ್ನೆ: ಡ್ರೈನ್ ತೆಗೆಯುವಾಗ ತುಂಬಾ ನೋಯುತ್ತಾ? ಹೊಲಿಗೆ ಕತ್ತರಿಸಿ ನಳಿಕೆ ಎಳೆಯುವ ಕೆಲವು ಸೆಕೆಂಡು ಒಳಗೇನೋ ಜಾರಿದ ಹಾಗೆ, ಉರಿದ ಹಾಗೆ ಆಗುತ್ತದೆ. ಚರ್ಮ ಮರಗಟ್ಟಿರುವುದರಿಂದ ಕೆಲವರಿಗೆ ಅದೂ ತಿಳಿಯುವುದಿಲ್ಲ. ಹೊರಡುವ ಒಂದು ಗಂಟೆ ಮೊದಲು ನಿಮ್ಮ ಮಾಮೂಲಿ ನೋವಿನ ಮಾತ್ರೆ ತೆಗೆದುಕೊಳ್ಳಿ, ಎಳೆಯುವಾಗ ಉಸಿರು ಹೊರಗೆ ಬಿಡಿ. ತೂತಿನಿಂದ ಒಂದೆರಡು ದಿನ ಸ್ವಲ್ಪ ನೀರು ಒಸರುತ್ತದೆ, ಮೇಲೊಂದು ಡ್ರೆಸ್ಸಿಂಗ್ ಸಾಕು. ನೋಟ್‌ಬುಕ್ ತೆಗೆದುಕೊಂಡು ಹೋಗಲು ಮರೆಯಬೇಡಿ, ತೆಗೆಯಬೇಕಾ ಬೇಡವಾ ಅಂತ ಸರ್ಜನ್ ಮೊದಲು ಕೇಳುವುದೇ ಅದರಲ್ಲಿ ಬರೆದಿರುವ ಕೊನೆಯ ಎರಡು ದಿನದ ಲೆಕ್ಕ.